ಕಾರು ಕೊಳ್ಳುವುದು ಕುಟುಂಬ, ಓಡಿಸುವುದು ನೀತಿ

ಬೆಂಗಳೂರಿನ ಸುರಂಗ ರಸ್ತೆಯ ಕುರಿತ ವಾಗ್ವಾದ 2025ರ ಅಕ್ಟೋಬರ್ ಅಂತ್ಯದಲ್ಲಿ ಕಾವೇರಿದ್ದಾಗ, ನಗರದ ಅಭಿವೃದ್ಧಿ ಖಾತೆಯ ಹೊಣೆ ಹೊತ್ತಿದ್ದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಆಡಿದ ಮಾತೊಂದು ರಾಜ್ಯದಾಚೆಗೂ ಸುದ್ದಿಯಾಯಿತು. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂಜರಿಯುವ ಕಾಲವಿದು, ಸ್ವಂತ ವಾಹನ ತರಬೇಡಿರೆಂದು ಯಾರನ್ನೂ ತಡೆಯಲಾಗದು ಎಂಬುದು ಆ ಮಾತಿನ ಸಾರ. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಆದರೆ ನಗೆ, ಸಿಟ್ಟು ಎರಡನ್ನೂ ಬದಿಗಿಟ್ಟು ನೋಡಿದರೆ, ನಗರ ಸಾರಿಗೆಯ ಕುರಿತ ಅತಿ ಮುಖ್ಯವಾದ ಪ್ರಶ್ನೆಯೊಂದು ಆ ಮಾತಿನೊಳಗೆ ಅಡಗಿದೆ. ಮನೆಯ ಮುಂದೆ ಕಾರು ನಿಲ್ಲುವುದು ಕುಟುಂಬವೊಂದರ ಸ್ವಂತ ಆಸೆಯ ಫಲವೋ, ಅಥವಾ ಸರ್ಕಾರ ರೂಪಿಸುವ ನೀತಿಗಳ ಫಲವೋ?

ಆಸೆಯೇ ಕಾರಣವೆಂದು ಒಪ್ಪಿದರೆ ಸರ್ಕಾರದ ಕೆಲಸ ಸುಲಭ. ಜನ ಕಾರು ಕೊಳ್ಳುತ್ತಾರೆ, ಅದಕ್ಕೆ ತಕ್ಕ ರಸ್ತೆಯನ್ನು ಸರ್ಕಾರ ಒದಗಿಸಬೇಕು, ನೆಲದ ಮೇಲೆ ಜಾಗವಿಲ್ಲದಿದ್ದರೆ ನೆಲದಡಿ ಕೊರೆಯಬೇಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 17 ಕಿ.ಮೀ. ಉದ್ದದ, 17 ಸಾವಿರ ಕೋಟಿ ರೂ.ಗೂ ಮಿಕ್ಕ ಅಂದಾಜು ವೆಚ್ಚದ ಸುರಂಗ ರಸ್ತೆಯ ಹಿಂದಿರುವುದು ಇದೇ ತರ್ಕ. ನೀತಿಯೇ ಕಾರಣವೆಂದಾದರೆ ಲೆಕ್ಕ ಬೇರೆಯಾಗುತ್ತದೆ. ಆಗ ಪ್ರತಿಯೊಂದು ತೆರಿಗೆ, ಪ್ರತಿಯೊಂದು ಮೇಲ್ಸೇತುವೆ, ಪ್ರತಿಯೊಂದು ಟಿಕೆಟ್ ದರವೂ ಮನೆಯೊಳಗಿನ ನಿರ್ಧಾರವನ್ನು ಒಂದಲ್ಲ ಒಂದು ದಿಕ್ಕಿಗೆ ತಳ್ಳುತ್ತಿರುತ್ತದೆ. ಜಗತ್ತಿನ ಹಲವು ನಗರಗಳ ಅರ್ಧ ಶತಮಾನದ ಅನುಭವ ಹೇಳುವುದು ಈ ಎರಡನೆಯ ಮಾತನ್ನೇ.

ಕೊಳ್ಳುವುದು ಬೇರೆ, ಓಡಿಸುವುದು ಬೇರೆ

ಮಧ್ಯಮ ವರ್ಗದ ಕುಟುಂಬವೊಂದು ಕಾರು ಕೊಳ್ಳುವ ಹೊತ್ತಿನಲ್ಲಿ ಮನಸ್ಸಿನಲ್ಲಿರುವುದು ನಿತ್ಯದ ಕಚೇರಿ ಪ್ರಯಾಣವಲ್ಲ. ವಯಸ್ಸಾದ ತಂದೆತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಮಳೆಯಲ್ಲಿ ಮಗುವನ್ನು ಶಾಲೆಗೆ ಬಿಡಬೇಕು, ಹಬ್ಬಕ್ಕೆ ಊರಿಗೆ ಹೋಗಬೇಕು, ರಾತ್ರಿ ಮದುವೆಯ ಆರತಕ್ಷತೆ ಮುಗಿಸಿ ಮನೆ ಸೇರಬೇಕು. ಇಂಥ ಪ್ರಯಾಣಗಳು ವರ್ಷಕ್ಕೆ ನಲವತ್ತೋ ಐವತ್ತೋ ಇರಬಹುದು. ಈ ಅಗತ್ಯ ನೈಜವಾದದ್ದು. ಅದನ್ನು ಆಡಂಬರವೆಂದು ಹೀಯಾಳಿಸುವುದು ಅನ್ಯಾಯ.

ಆದರೆ ಒಮ್ಮೆ ಬಾಗಿಲಿಗೆ ಬಂದ ಕಾರು ಆ ಐವತ್ತು ಪ್ರಯಾಣಗಳಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಕಂತು ಕಟ್ಟಲೇಬೇಕು, ವಿಮೆ ತುಂಬಲೇಬೇಕು, ಓಡಿಸಲಿ ಬಿಡಲಿ ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆ. ಇಷ್ಟೆಲ್ಲ ತೆತ್ತ ಮೇಲೆ ಇಂದಿನ ಪ್ರಯಾಣಕ್ಕೆ ತಗಲುವುದು ಇಂಧನದ ಖರ್ಚು ಮಾತ್ರ. ಪ್ರತಿದಿನ ಬೆಳಿಗ್ಗೆ ಬಸ್ಸೋ ಮೆಟ್ರೋವೋ ಸ್ಪರ್ಧಿಸಬೇಕಾಗಿರುವುದು ಕಾರಿನ ಪೂರ್ಣ ವೆಚ್ಚದೊಂದಿಗಲ್ಲ, ಆ ದಿನದ ಪೆಟ್ರೋಲಿನೊಂದಿಗೆ. ನಗರ ಸಾರಿಗೆ ನೀತಿ ಎಡವುವುದು ಬಹುಮಟ್ಟಿಗೆ ಈ ಸ್ಥಳದಲ್ಲಿಯೇ.

ಒಂದು ಸರಳ ಲೆಕ್ಕ ನೋಡಬಹುದು. ಗಂಡ ಹೆಂಡತಿ ಇಬ್ಬರೂ ಒಂದೇ ದಿಕ್ಕಿನಲ್ಲಿ 9 ಕಿ.ಮೀ. ದೂರದ ಕಚೇರಿಗಳಿಗೆ ಹೋಗುವವರೆಂದು ಭಾವಿಸೋಣ. 2025ರ ಫೆಬ್ರವರಿ 9ರಂದು ಜಾರಿಗೆ ಬಂದ ನಮ್ಮ ಮೆಟ್ರೋ ದರಪಟ್ಟಿಯ ಪ್ರಕಾರ 8ರಿಂದ 10 ಕಿ.ಮೀ. ಅಂತರಕ್ಕೆ 50 ರೂ. ಇಬ್ಬರು ಹೋಗಿ ಬರಲು 200 ರೂ. ಮನೆಯಿಂದ ನಿಲ್ದಾಣಕ್ಕೆ ಆಟೊ ಹಿಡಿದರೆ 2025ರ ಆಗಸ್ಟ್‌ನಿಂದ ಕನಿಷ್ಠ ದರ 36 ರೂ.; ಹೋಗಿ ಬರಲು 72 ರೂ. ಒಟ್ಟು 272 ರೂ. ಅದೇ ದಂಪತಿ ತಮ್ಮ ಕಾರಿನಲ್ಲಿ 18 ಕಿ.ಮೀ. ಓಡಾಡಿದರೆ, ದಟ್ಟಣೆಯಲ್ಲಿ ಲೀಟರಿಗೆ 12 ಕಿ.ಮೀ. ಎಂದು ಹಿಡಿದು, ಅದೇ ವರ್ಷದ ಸುಮಾರು 103 ರೂ. ಪೆಟ್ರೋಲ್ ದರದಲ್ಲಿ ತಗಲುವುದು 155 ರೂ. ಕಾರು ನಿಲ್ಲಿಸಲು ಜಾಗ ಉಚಿತವಾಗಿದ್ದರೆ ಅದೇ ಅಂತಿಮ ಮೊತ್ತ. ಸ್ಮಾರ್ಟ್ ಕಾರ್ಡಿನ ಅಲ್ಪ ರಿಯಾಯಿತಿಯಿಂದ ಈ ಅಂತರ ಮುಚ್ಚುವುದಿಲ್ಲ. ಮಗುವನ್ನೂ ಜೊತೆಗೆ ಕರೆದೊಯ್ಯುವುದಾದರೆ ಅಂತರ ಇನ್ನಷ್ಟು ಹಿಗ್ಗುತ್ತದೆ. ಈ ದಂಪತಿ ಕಾರನ್ನು ಆರಿಸಿಕೊಂಡರೆ ಅದನ್ನು ಅವಿವೇಕವೆನ್ನಲಾಗದು. ಮುಂದಿಟ್ಟ ದರಗಳಿಗೆ ಅವರು ತೋರುವ ವಿವೇಕದ ಪ್ರತಿಕ್ರಿಯೆಯೇ ಅದು.

ತೆರಿಗೆ ಎಲ್ಲಿ ಬೀಳುತ್ತದೆ?

ಕರ್ನಾಟಕವು ಕಾರುಗಳ ಮೇಲೆ ಅತಿ ಹೆಚ್ಚು ತೆರಿಗೆ ವಿಧಿಸುವ ರಾಜ್ಯಗಳಲ್ಲೊಂದು. 5ರಿಂದ 10 ಲಕ್ಷ ರೂ. ಬೆಲೆಯ ಕಾರಿಗೆ ಶೇ. 14, 10ರಿಂದ 20 ಲಕ್ಷದ ಕಾರಿಗೆ ಶೇ. 17, ಅದಕ್ಕೂ ಮೇಲಿನವುಗಳಿಗೆ ಶೇ. 18ರಷ್ಟು ಜೀವಿತಾವಧಿ ತೆರಿಗೆಯನ್ನು ನೋಂದಣಿಯ ಸಮಯದಲ್ಲಿಯೇ ಕಟ್ಟಬೇಕು. 9 ಲಕ್ಷದ ಕಾರಿಗೆ ಮೇಲ್ತೆರಿಗೆ ಬಿಟ್ಟು 1.26 ಲಕ್ಷ ರೂ. ಆಗುತ್ತದೆ. ಇಷ್ಟು ತೆರಿಗೆ ಕಟ್ಟಿದವನು ರಸ್ತೆಯ ಮೇಲೆ ತನಗೆ ಹಕ್ಕಿದೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ.

ಆದರೆ ಈ ತೆರಿಗೆಯ ಸ್ವರೂಪವನ್ನು ಗಮನಿಸಬೇಕು. ವಾರಕ್ಕೊಮ್ಮೆ ಕಾರು ತೆಗೆಯುವ ನಿವೃತ್ತ ಶಿಕ್ಷಕರೂ, ದಿನಕ್ಕೆರಡು ಬಾರಿ ಹೊರವರ್ತುಲ ರಸ್ತೆಯಲ್ಲಿ ಒಬ್ಬರೇ ಕುಳಿತು ಸಾಗುವ ಉದ್ಯೋಗಿಯೂ ಒಂದೇ ಬೆಲೆಯ ಕಾರಿಗೆ ಒಂದೇ ತೆರಿಗೆ ಕಟ್ಟುತ್ತಾರೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಸಿಲ್ಕ್ ಬೋರ್ಡ್ ದಾಟುವುದಕ್ಕೂ, ರಾತ್ರಿ ಹನ್ನೊಂದಕ್ಕೆ ಖಾಲಿ ರಸ್ತೆಯಲ್ಲಿ ಸಾಗುವುದಕ್ಕೂ ವ್ಯತ್ಯಾಸವಿಲ್ಲ. ಅಂದರೆ ತೆರಿಗೆ ಬೀಳುವುದು ಕಾರು ಹೊಂದುವುದರ ಮೇಲೆ, ದಟ್ಟಣೆ ಹುಟ್ಟುವುದು ಕಾರು ಓಡಿಸುವುದರಿಂದ. ಇಂಧನದ ಮೇಲಿನ ತೆರಿಗೆಯೊಂದೇ ಬಳಕೆಗೆ ತಗಲುವಂಥದ್ದು. ಅದಕ್ಕೂ ಹೊತ್ತಿನ, ಸ್ಥಳದ ಭೇದ ತಿಳಿಯದು. ವಿದ್ಯುತ್ ಕಾರುಗಳು ಹೆಚ್ಚಿದಂತೆ ಅದರ ಬಿಗಿಯೂ ಸಡಿಲವಾಗುತ್ತದೆ.

ಇತ್ತ ಕೇಂದ್ರ ಸರ್ಕಾರವು 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿಯನ್ನು ಶೇ. 28ರಿಂದ 18ಕ್ಕೆ ಇಳಿಸಿ, ಮೇಲಿನ ಸೆಸ್ಸನ್ನೂ ತೆಗೆದುಹಾಕಿತು. ಉದ್ಯಮಕ್ಕೂ ಮಧ್ಯಮ ವರ್ಗಕ್ಕೂ ಇದರಿಂದ ನೆರವಾಯಿತೆಂಬುದು ನಿಜ. ಕೊಳ್ಳುವ ಬೆಲೆ ಇಳಿದಾಗ ಬಳಕೆಯ ಬೆಲೆಯ ಕುರಿತು ಯೋಚಿಸುವುದು ನಗರಾಡಳಿತಗಳ ಪಾಲಿಗೆ ಇನ್ನಷ್ಟು ಅನಿವಾರ್ಯವಾಗುತ್ತದೆ ಎಂಬುದೂ ಅಷ್ಟೇ ನಿಜ. ಈ ಎರಡನೆಯ ಮಾತನ್ನು ಯಾರೂ ಆಡಲಿಲ್ಲ.

ಸಿಂಗಪುರದ ಉದಾಹರಣೆ ಇಲ್ಲಿ ಪಾಠ ಕಲಿಸುವಂಥದ್ದು. 1990ರಿಂದ ಅಲ್ಲಿ ಕಾರು ಕೊಳ್ಳಬೇಕಾದರೆ ಹತ್ತು ವರ್ಷಗಳ ಹಕ್ಕುಪತ್ರವನ್ನು ಹರಾಜಿನಲ್ಲಿ ಪಡೆಯಬೇಕು. 2023ರಲ್ಲಿ ಅದರ ಬೆಲೆ ಒಂದು ಲಕ್ಷ ಸಿಂಗಪುರ ಡಾಲರ್ ಮೀರಿತ್ತು. 2018ರಿಂದ ಕಾರುಗಳ ಸಂಖ್ಯೆಯ ಬೆಳವಣಿಗೆಯನ್ನೇ ಅಲ್ಲಿ ಶೂನ್ಯಕ್ಕೆ ನಿಲ್ಲಿಸಲಾಗಿದೆ. ಇಷ್ಟಾದರೂ ಆ ನಗರ ಕೊಳ್ಳುವಿಕೆಯ ನಿಯಂತ್ರಣವನ್ನಷ್ಟೇ ನೆಚ್ಚಿ ಕೂರಲಿಲ್ಲ. ದುಬಾರಿ ಬೆಲೆ ತೆತ್ತು ಕಾರು ಕೊಂಡ ಕುಟುಂಬ ಅದನ್ನು ಹೆಚ್ಚು ಹೆಚ್ಚು ಓಡಿಸಿ ಹಣ ವಸೂಲು ಮಾಡಿಕೊಳ್ಳಲು ನೋಡುತ್ತದೆ ಎಂಬುದನ್ನು ಅಲ್ಲಿನ ಆಡಳಿತ ಅರಿತಿತ್ತು. ಆದ್ದರಿಂದಲೇ 1975ರಲ್ಲಿ ಕೇಂದ್ರ ಭಾಗದ ಪ್ರವೇಶಕ್ಕೆ ದಿನಕ್ಕೆ 3 ಡಾಲರ್ ಪರವಾನಗಿಯಾಗಿ ಆರಂಭವಾದ ರಸ್ತೆ ಶುಲ್ಕವನ್ನು 1998ರಲ್ಲಿ ವಿದ್ಯುನ್ಮಾನ ವ್ಯವಸ್ಥೆಗೆ ಬದಲಿಸಿ, ಹೊತ್ತಿಗೆ ತಕ್ಕಂತೆ ದರ ಏರಿಳಿಯುವಂತೆ ಮಾಡಲಾಯಿತು.

ಬೀದಿಯೇ ಗ್ಯಾರೇಜು

ಕಾರಿಗೆ ಸಿಗುವ ಅತಿ ದೊಡ್ಡ ಸಹಾಯಧನ ಯಾವ ಬಜೆಟ್ ಪುಸ್ತಕದಲ್ಲಿಯೂ ನಮೂದಾಗುವುದಿಲ್ಲ. ಅದು ಉಚಿತ ನಿಲುಗಡೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಅಂದರೆ ಸುಮಾರು 134 ಚದರಡಿ ಬೇಕು. ಜಯನಗರ, ಮಲ್ಲೇಶ್ವರ, ಇಂದಿರಾನಗರಗಳ ಅಡ್ಡರಸ್ತೆಗಳಲ್ಲಿ ಅಷ್ಟು ಜಾಗವನ್ನು ಮನೆಯಾಗಿಯೋ ಮಳಿಗೆಯಾಗಿಯೋ ಬಾಡಿಗೆಗೆ ಹಿಡಿಯಹೊರಟರೆ ತಿಂಗಳಿಗೆ ಸಾವಿರಾರು ರೂಪಾಯಿ ತೆರಬೇಕು. ಅದೇ ಜಾಗವನ್ನು ಕಾರು ಹಗಲು ರಾತ್ರಿ ಬಿಡಿಗಾಸಿಲ್ಲದೆ ಅನುಭವಿಸುತ್ತದೆ. ಹತ್ತು ಚದರಡಿಯಲ್ಲಿ ಹೂವು ಮಾರುವ ಹೆಂಗಸು ಮಾತ್ರ ಒತ್ತುವರಿದಾರಳೆನಿಸಿಕೊಳ್ಳುತ್ತಾಳೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೆ?

ಬೆಂಗಳೂರಿನ ನಿಲುಗಡೆ ನೀತಿ 2.0 ಈ ಅಸಂಗತಿಯನ್ನು ಸರಿಪಡಿಸಲು ಹೊರಟಿತ್ತು. 2021ರಲ್ಲಿ ಸರ್ಕಾರದ ಒಪ್ಪಿಗೆ ಪಡೆದ ಆ ನೀತಿಯು ಬಡಾವಣೆಗಳ ಬೀದಿಯಲ್ಲಿ ಕಾರು ನಿಲ್ಲಿಸಲು ವಾರ್ಷಿಕ ಪರವಾನಗಿಯ ವ್ಯವಸ್ಥೆಯನ್ನು ಸೂಚಿಸಿತ್ತು. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂ., ದೊಡ್ಡ ಕಾರಿಗೆ 5,000 ರೂ. ಎಂಬುದು ಅದರ ಪ್ರಸ್ತಾಪ. ದಿನದ ಲೆಕ್ಕದಲ್ಲಿ ದೊಡ್ಡ ಕಾರಿಗೂ ಒಂದು ಲೋಟ ಕಾಫಿಯ ಬೆಲೆಗೆ ಮೀರದ ಈ ಶುಲ್ಕಕ್ಕೂ ವಿರೋಧ ಎದುರಾಯಿತು. ಬಡಾವಣೆಗಳ ಮಟ್ಟದಲ್ಲಿ ನೀತಿ ಕಾಗದದಿಂದ ಬೀದಿಗಿಳಿಯಲೇ ಇಲ್ಲ. ಜಪಾನಿನಲ್ಲಾದರೋ 1962ರಲ್ಲಿಯೇ ಕಾನೂನು ಮಾಡಿ, ಕಾರು ನಿಲ್ಲಿಸಲು ಬೀದಿಯಾಚೆ ಸ್ವಂತದ್ದೋ ಬಾಡಿಗೆಯದೋ ಜಾಗವಿರಬೇಕೆಂಬ ನಿಯಮ ತರಲಾಯಿತು. ಜಾಗದ ಪುರಾವೆ ತೋರಿಸದೆ ಅಲ್ಲಿನ ನಗರಗಳಲ್ಲಿ ಕಾರು ನೋಂದಾಯಿಸಲಾಗದು. ಕಾರು ಕೊಳ್ಳುವ ಮುನ್ನವೇ ಕುಟುಂಬಕ್ಕೆ ಅದರ ನಿಜವಾದ ಬೆಲೆ ಅರಿವಾಗುವುದು ಈ ನಿಯಮದ ಗುಣ.

ಕಚೇರಿಯ ಕಡೆಯ ನಿಲುಗಡೆಯೂ ಅಷ್ಟೇ ಮುಖ್ಯ. ಹೊರಟ ಕಡೆ ಜಾಗವಿದ್ದು, ತಲುಪುವ ಕಡೆ ಜಾಗವಿಲ್ಲದಿದ್ದರೆ ಕಾರು ಮನೆಯಲ್ಲಿಯೇ ಉಳಿಯುತ್ತದೆ. ತಲುಪುವ ಕಡೆ ನೆಲಮಾಳಿಗೆಯ ಮೂರು ಅಂತಸ್ತುಗಳನ್ನು ಕಾರಿಗೆ ಮೀಸಲಿಡಬೇಕೆಂದು ಕಟ್ಟಡ ನಿಯಮಗಳೇ ಒತ್ತಾಯಿಸಿದರೆ, ಎದುರಿಗೇ ಮೆಟ್ರೋ ನಿಲ್ದಾಣ ಕಟ್ಟಿದರೂ ಆ ಕಟ್ಟಡ ಕಾರನ್ನೇ ಕೈಬೀಸಿ ಕರೆಯುತ್ತದೆ. ಆ ನೆಲಮಾಳಿಗೆಯ ವೆಚ್ಚವನ್ನು ಬಸ್ಸಿನಲ್ಲಿ ಬರುವ ನೌಕರನೂ, ಕಾರಿಲ್ಲದ ಗ್ರಾಹಕನೂ ಪರೋಕ್ಷವಾಗಿ ಹೊರುತ್ತಾರೆ.

ರಸ್ತೆ ಅಗಲವಾದಷ್ಟೂ

2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂದಿತು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಎತ್ತರಿಸಿದ ಹೆದ್ದಾರಿ ತೆರೆಯಿತು. ಎರಡೂ ಬಂದ ಹೊಸತರಲ್ಲಿ ಪ್ರಯಾಣದ ಹೊತ್ತು ಇಳಿದದ್ದು ಸುಳ್ಳಲ್ಲ. ಆದರೆ ಹೊತ್ತು ಇಳಿದೊಡನೆ ಕುಟುಂಬಗಳ ಲೆಕ್ಕವೂ ಬದಲಾಗುತ್ತದೆ. ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ಬೇರೆ ಹೊತ್ತಿನಲ್ಲಿ ಹೊರಡುತ್ತಿದ್ದವರು ದಟ್ಟಣೆಯ ಹೊತ್ತಿಗೇ ಹೊರಡುತ್ತಾರೆ, ಕಚೇರಿಯ ಸಮೀಪ ಬಾಡಿಗೆಗಿದ್ದವರು ದೂರದ ಬಡಾವಣೆಯಲ್ಲಿ ಮನೆ ಕೊಳ್ಳುತ್ತಾರೆ. ಬೆರಳೆಣಿಕೆಯ ವರ್ಷಗಳಲ್ಲಿ ಹೊಸ ರಸ್ತೆ ಹಳೆಯ ಸ್ಥಿತಿಗೆ ಮರಳುತ್ತದೆ. ವ್ಯತ್ಯಾಸವಿಷ್ಟೇ: ಈಗ ನಿಂತಿರುವ ವಾಹನಗಳ ಸಾಲು ಮೊದಲಿಗಿಂತ ಉದ್ದ, ಆ ವಾಹನಗಳನ್ನು ನೆಚ್ಚಿಕೊಂಡ ಬಡಾವಣೆಗಳು ಮೊದಲಿಗಿಂತ ದೂರ.

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯನ್ನು ನಾಗರಿಕರ ತೀವ್ರ ವಿರೋಧದ ಬಳಿಕ ಸರ್ಕಾರ 2017ರಲ್ಲಿ ಕೈಬಿಟ್ಟಿತು. ಅದೇ ದಿಕ್ಕಿಗೆ ಈಗ ಸುರಂಗದ ಮಾತು ಬಂದಿದೆ. ಸುರಂಗದ ಪರ ವಾದಿಸುವವರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ನಗರದ ಉತ್ತರ ದಕ್ಷಿಣಗಳನ್ನು ಜೋಡಿಸುವ ಮಾರ್ಗಗಳು ಕಡಿಮೆ, ಆಂಬುಲೆನ್ಸುಗಳೂ ಸರಕು ವಾಹನಗಳೂ ಇದೇ ದಟ್ಟಣೆಯಲ್ಲಿ ಸಿಲುಕುತ್ತವೆ, ಮೆಟ್ರೋ ಮಾರ್ಗಗಳು ಪೂರ್ಣಗೊಳ್ಳುವವರೆಗೆ ಜನ ಕಾಯಲಾರರು ಎಂಬ ವಾದಗಳು ತಳ್ಳಿಹಾಕುವಂಥವಲ್ಲ. ಆದರೆ 17 ಕಿ.ಮೀ. ಸುರಂಗದಿಂದ ಹೊರಬರುವ ಕಾರುಗಳು ಕೊನೆಗೆ ಸೇರಬೇಕಾದದ್ದು ಅದೇ ಹಳೆಯ ಬೀದಿಗಳನ್ನು, ನಿಲ್ಲಬೇಕಾದದ್ದು ಅದೇ ಬೀದಿಯ ಅಂಚಿನಲ್ಲಿ. ಆ ಹಂತಕ್ಕೆ ಉತ್ತರವಿಲ್ಲದ ಯೋಜನೆ ದಟ್ಟಣೆಯನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಳಿಸುತ್ತದೆ.

ಬಸ್ಸಿಗೆ ಬೇಕಾದದ್ದು ದಾರಿ

ಬಿಎಂಟಿಸಿ ಇಂದಿಗೂ ಬೆಂಗಳೂರಿನ ಜೀವನಾಡಿ. ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಗಳನ್ನು ಹೊರುವ ಸಂಸ್ಥೆಯ ಬಳಿ ಇರುವುದು 7 ಸಾವಿರದ ಆಸುಪಾಸಿನ ಬಸ್ಸುಗಳು. ಸುಮಾರು 90 ಲಕ್ಷ ಜನಸಂಖ್ಯೆಯ ಲಂಡನ್‌ನಲ್ಲಿ, ಅಷ್ಟೊಂದು ವಿಸ್ತಾರವಾದ ಸುರಂಗ ರೈಲು ಜಾಲವಿದ್ದೂ, 8,500ಕ್ಕೂ ಹೆಚ್ಚು ಬಸ್ಸುಗಳು ಓಡುತ್ತವೆ. ಒಂದು ಬಸ್ಸಿನಲ್ಲಿ 50 ಜನ ಸಾಗುತ್ತಾರೆ. ಕಾರೊಂದರಲ್ಲಿ ಸರಾಸರಿ ಒಂದೂವರೆ ಜನವೆಂದು ಹಿಡಿದರೂ ಅಷ್ಟು ಜನರಿಗೆ 33 ಕಾರುಗಳು ಬೇಕು. ಬಸ್ಸು ಆಕ್ರಮಿಸುವ ರಸ್ತೆ ಮೂರು ಕಾರುಗಳಷ್ಟು. ಹೀಗಿದ್ದೂ ಸಿಗ್ನಲ್ಲಿನಲ್ಲಿ ಬಸ್ಸಿಗೆ ಸಿಗುವ ಮರ್ಯಾದೆ ಒಬ್ಬನೇ ಕುಳಿತ ಕಾರಿಗೆ ಸಿಗುವಷ್ಟೇ.

ಕೇಂದ್ರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಗುರಿಯಾಗಿಸಿಕೊಂಡದ್ದು ಜನರ ಚಲನೆಯನ್ನು, ವಾಹನಗಳ ಚಲನೆಯನ್ನಲ್ಲ. ಆ ಮಾತಿಗೆ ಬೆಂಗಳೂರು ಒಮ್ಮೆ ಮನ್ನಣೆ ಕೊಟ್ಟದ್ದೂ ಉಂಟು. 2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್ ಕಡೆಯಿಂದ ಬಸ್ಸಿಗೆಂದೇ ಒಂದು ಪಥವನ್ನು ಮೀಸಲಿಡಲಾಯಿತು. ಕಾರಿನ ಸಾಲು ನಿಂತಿದ್ದಾಗ ಪಕ್ಕದಲ್ಲಿ ಬಸ್ಸು ಮುಂದೆ ಸಾಗುವ ದೃಶ್ಯ ಕಾರಿನೊಳಗಿದ್ದವರಿಗೆ ಯಾವ ಜಾಹೀರಾತಿಗಿಂತಲೂ ದೊಡ್ಡ ಪಾಠವಾಗಬಲ್ಲುದಾಗಿತ್ತು. ಮುಂದೆ ಕೋವಿಡ್ ಬಂದಿತು, ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಆರಂಭವಾಯಿತು, ಪಥದ ಗೂಟಗಳು ಕಣ್ಮರೆಯಾದವು. ಇಡೀ ಜಗತ್ತಿನಲ್ಲಿ ಅತ್ಯಂತ ಕಡಿಮೆ ಖರ್ಚಿನ ಸುಧಾರಣೆಯೆಂದು ಹೆಸರಾದ ಬಸ್ ಪಥವನ್ನು ಮೊದಲು ಬಲಿಗೊಟ್ಟದ್ದು ದುರದೃಷ್ಟಕರ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ಒದಗಿಸಿತು. ಗಾರ್ಮೆಂಟ್ಸ್ ಕಾರ್ಮಿಕರು, ಮನೆಗೆಲಸದವರು, ವಿದ್ಯಾರ್ಥಿನಿಯರ ಪಾಲಿಗೆ ಅದು ತಿಂಗಳಿಗೆ ನೂರಾರು ರೂಪಾಯಿ ಉಳಿಸಿತು, ಹೋಗಲಾಗದಿದ್ದ ಕಡೆಗೆ ಹೋಗುವ ಧೈರ್ಯ ಕೊಟ್ಟಿತು. ಸಾಮಾಜಿಕ ನ್ಯಾಯದ ಯೋಜನೆಯಾಗಿ ಅದರ ಬೆಲೆಯನ್ನು ಅಲ್ಲಿಯೇ ಕಟ್ಟಬೇಕು. ರಸ್ತೆಯ ಮೇಲಿನ ಕಾರುಗಳನ್ನು ಅದು ಕಡಿಮೆ ಮಾಡುತ್ತದೆಂದು ನಿರೀಕ್ಷಿಸುವುದು ತಪ್ಪು. ಕಾರಿರುವ ಕುಟುಂಬಕ್ಕೆ ಬಸ್ಸಿನ ಟಿಕೆಟ್ ದುಬಾರಿಯೆಂಬ ಚಿಂತೆಯಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ, ನಿಲ್ಲಲಾದರೂ ಜಾಗವಿದೆಯೇ, ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದೇ ಅದರ ಚಿಂತೆ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್ 2013ರಲ್ಲಿ ನಿವಾಸಿಗಳೆಲ್ಲರಿಗೂ ಉಚಿತ ಸಾರಿಗೆ ಒದಗಿಸಿದಾಗ ಕಂಡದ್ದೂ ಇದನ್ನೇ. ಹೊಸದಾಗಿ ಬಸ್ಸೇರಿದವರಲ್ಲಿ ಹಿಂದೆ ನಡೆದು ಹೋಗುತ್ತಿದ್ದವರೇ ಬಹಳ. ಕಾರುಗಳ ಬಳಕೆ ನಿರೀಕ್ಷಿಸಿದಂತೆ ಇಳಿಯಲಿಲ್ಲ.

ಮೆಟ್ರೋದ ಕಥೆ ಇದಕ್ಕೆ ತದ್ವಿರುದ್ಧ. ಅದರ ವೇಗ, ನಿಶ್ಚಿತತೆ ಕಾರಿರುವವರನ್ನೂ ಸೆಳೆಯಬಲ್ಲವು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ ಆರಂಭವಾದ ಸೇವೆ, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದಾಗ 96 ಕಿ.ಮೀ.ಗೆ ವಿಸ್ತರಿಸಿತು. ದಿನದ ಪ್ರಯಾಣಿಕರ ಸಂಖ್ಯೆ ಆಗ 10 ಲಕ್ಷದ ಗೆರೆಯನ್ನೂ ದಾಟಿತು. ಅದೇ ವರ್ಷದ ಆರಂಭದಲ್ಲಿ ಗರಿಷ್ಠ ದರವನ್ನು 60ರಿಂದ 90 ರೂ.ಗೆ ಏರಿಸಿದಾಗ ಪ್ರಯಾಣಿಕರ ಸಂಖ್ಯೆ ಕುಸಿದದ್ದನ್ನೂ ಮರೆಯಲಾಗದು. ಸಾಲದ ಹೊರೆ ಹೊತ್ತ ನಿಗಮಕ್ಕೆ ದರ ಏರಿಕೆ ಅನಿವಾರ್ಯವೆನಿಸಿರಬಹುದು. ಆದರೆ ರಸ್ತೆ ನಿಲುಗಡೆಯ ದರ ಶೂನ್ಯದಲ್ಲಿಯೇ ಉಳಿದು ಮೆಟ್ರೋ ದರ ಮಾತ್ರ ಏರಿದರೆ, ತಕ್ಕಡಿ ಯಾವ ಕಡೆ ವಾಲುತ್ತದೆಂಬುದನ್ನು ಹೇಳಲು ತಜ್ಞರು ಬೇಕಿಲ್ಲ.

ನಿಷೇಧದ ದಾರಿ, ಬೆಲೆಯ ದಾರಿ

ದಟ್ಟಣೆ ಮಿತಿಮೀರಿದಾಗ ಆಡಳಿತಗಾರರಿಗೆ ಮೊದಲು ತೋಚುವುದು ನಿಷೇಧ. ದಿಲ್ಲಿಯಲ್ಲಿ 2016ರ ಜನವರಿ ಹಾಗೂ ಏಪ್ರಿಲ್‌ನಲ್ಲಿ, ಮತ್ತೆ 2019ರ ನವೆಂಬರ್‌ನಲ್ಲಿ ಸಮ ಬೆಸ ಸಂಖ್ಯೆಯ ಕಾರುಗಳಿಗೆ ದಿನ ಬಿಟ್ಟು ದಿನ ಅವಕಾಶ ನೀಡಲಾಯಿತು. ಎರಡೇ ವಾರಗಳ ತುರ್ತು ಕ್ರಮವಾಗಿ ಜನ ಅದನ್ನು ಸಹಿಸಿದರು. ಶಾಶ್ವತವಾದಾಗ ಏನಾಗುತ್ತದೆಂಬುದಕ್ಕೆ ಮೆಕ್ಸಿಕೊ ನಗರವೇ ಸಾಕ್ಷಿ. 1989ರಲ್ಲಿ ಅಲ್ಲಿ ಪ್ರತಿಯೊಂದು ಕಾರಿಗೂ ವಾರಕ್ಕೊಂದು ದಿನ ರಜೆ ಘೋಷಿಸಲಾಯಿತು. ಅನೇಕ ಕುಟುಂಬಗಳು ಬೇರೆ ಸಂಖ್ಯೆಯ ಎರಡನೆಯ ಕಾರು ತಂದವು. ಬಹುಮಟ್ಟಿಗೆ ಅವು ಹಳೆಯ, ಹೆಚ್ಚು ಹೊಗೆಯುಗುಳುವ ಕಾರುಗಳು. ಗಾಳಿ ನಿರ್ಮಲವಾದ ಪುರಾವೆ ಮುಂದಿನ ಅಧ್ಯಯನಗಳಿಗೆ ಸಿಗಲಿಲ್ಲ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜಾಣ್ಮೆ ಎಲ್ಲ ಊರಿನ ಸಂಸಾರಗಳಿಗೂ ಇದೆ.

ಬೆಲೆಯ ದಾರಿ ಹಿಡಿದ ನಗರಗಳ ಅನುಭವ ಬೇರೆ. ಲಂಡನ್ 2003ರ ಫೆಬ್ರವರಿ 17ರಂದು ಕೇಂದ್ರ ಭಾಗ ಪ್ರವೇಶಿಸುವ ಕಾರುಗಳಿಗೆ ದಿನಕ್ಕೆ 5 ಪೌಂಡ್ ಶುಲ್ಕ ವಿಧಿಸಿತು. ಆ ದಿನದಿಂದಲೇ ಸುಮಾರು 300 ಹೆಚ್ಚುವರಿ ಬಸ್ಸುಗಳನ್ನು ಬಿಡಲಾಯಿತೆಂಬುದು ಶುಲ್ಕದಷ್ಟೇ ಮುಖ್ಯವಾದ ಸಂಗತಿ. ಆರಂಭದಲ್ಲಿ ಒಳಬರುವ ಕಾರುಗಳು ಮೂರರಲ್ಲೊಂದು ಪಾಲಿನಷ್ಟು ಇಳಿದವು. ಕಾಲಾಂತರದಲ್ಲಿ ದಟ್ಟಣೆ ಮರಳಿತು. ಖಾಸಗಿ ಬಾಡಿಗೆ ವಾಹನಗಳಿಗಿದ್ದ ವಿನಾಯಿತಿಯೂ ರಸ್ತೆ ಕಾಮಗಾರಿಗಳೂ ಅದಕ್ಕೆ ಕಾರಣವಾದವು. ಶುಲ್ಕ ಹಂತ ಹಂತವಾಗಿ ಏರಿ 2026ರ ಜನವರಿಯಲ್ಲಿ 18 ಪೌಂಡ್ ತಲುಪಿತು. ನ್ಯೂಯಾರ್ಕ್ ಕೂಡ 2025ರ ಜನವರಿ 5ರಿಂದ ಮ್ಯಾನ್‌ಹಟನ್‌ನ ದಕ್ಷಿಣ ಭಾಗಕ್ಕೆ 9 ಡಾಲರ್ ಶುಲ್ಕ ಆರಂಭಿಸಿತು.

ಸ್ಟಾಕ್‌ಹೋಮ್‌ನ ಕಥೆ ರಾಜಕಾರಣಿಗಳು ಓದಬೇಕಾದದ್ದು. 2006ರ ಜನವರಿಯಿಂದ ಜುಲೈವರೆಗೆ ಪ್ರಾಯೋಗಿಕವಾಗಿ ಶುಲ್ಕ ವಿಧಿಸಲಾಯಿತು. ಹೆಚ್ಚಿನ ಜನ ಮೊದಲು ವಿರೋಧಿಗಳೇ ಆಗಿದ್ದರು. ಗಡಿ ದಾಟುವ ವಾಹನಗಳು ಐದರಲ್ಲೊಂದು ಪಾಲು ಇಳಿದವು. ಪ್ರಯೋಗ ನಿಲ್ಲಿಸಿದೊಡನೆ ಸಂಚಾರ ಬಹುಪಾಲು ಮರಳಿತು. ಶುಲ್ಕವಿದ್ದ, ಇಲ್ಲದ ಎರಡೂ ಸ್ಥಿತಿಗಳನ್ನು ಕಣ್ಣಾರೆ ಕಂಡ ನಗರದ ಮತದಾರರು ಅದೇ ಸೆಪ್ಟೆಂಬರ್‌ನ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ ಒಪ್ಪಿಗೆ ಕೊಟ್ಟರು. 2007ರ ಆಗಸ್ಟ್‌ನಿಂದ ಅದು ಶಾಶ್ವತವಾಯಿತು. ಜನರ ಮನಸ್ಸು ಬದಲಾದದ್ದು ಭಾಷಣದಿಂದಲ್ಲ, ಅನುಭವದಿಂದ. ಐದರಲ್ಲೊಂದು ಪಾಲು ಎಂಬ ಪ್ರಮಾಣವೂ ಗಮನಾರ್ಹ. ಯಾರೂ ಕಾರನ್ನು ಮಾರಬೇಕಾಗಲಿಲ್ಲ, ಐದರಲ್ಲೊಂದು ಪ್ರಯಾಣ ಬದಲಾದರೆ ಸಾಕಾಯಿತು.

ಬೆಂಗಳೂರಿನಲ್ಲಿಯೂ 2025ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಗೆ ಇಂಥದ್ದೇ ಶುಲ್ಕದ ಮಾತು ಕೇಳಿಬಂದಿತ್ತು. ಬಂದ ವೇಗದಲ್ಲಿಯೇ ವಿವಾದವೂ ಎದ್ದಿತು. ಆ ರಸ್ತೆಯ ನೀಲಿ ಮೆಟ್ರೋ ಮಾರ್ಗ ಆಗಿನ್ನೂ ನಿರ್ಮಾಣದಲ್ಲಿತ್ತು, ಬಸ್ ಪಥ ಅಳಿದುಹೋಗಿತ್ತು, ಪಾದಚಾರಿ ಮಾರ್ಗ ಹೆಸರಿಗಷ್ಟೇ ಇತ್ತು. ಬದಲಿ ದಾರಿ ಕೊಡದೆ ದಂಡ ಹಾಕುವ ನೀತಿಯನ್ನು ಜನ ಸುಲಿಗೆಯೆಂದು ಕರೆದರೆ ತಪ್ಪೆಣಿಸಲಾಗದು. ಲಂಡನ್‌ನ 300 ಬಸ್ಸುಗಳು ನೆನಪಾಗಬೇಕಾದದ್ದು ಈ ಸಂದರ್ಭದಲ್ಲಿ.

ಕಾರಿಲ್ಲದವರ ಪಾಲು

ಈ ಚರ್ಚೆಯಲ್ಲಿ ಸದಾ ಮರೆಯಾಗುವವರು ಕಾರಿಲ್ಲದವರು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕಾರು, ಜೀಪು ಅಥವಾ ವ್ಯಾನು ಹೊಂದಿದ್ದ ಕುಟುಂಬಗಳು ಶೇ. 4.7. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೂ ಕಾರಿದ್ದ ಕುಟುಂಬಗಳು ಶೇ. 8ರ ಆಸುಪಾಸಿನಲ್ಲಿದ್ದವು. ಬೆಂಗಳೂರಿನಲ್ಲಿ ಈ ಪ್ರಮಾಣ ಹೆಚ್ಚು, ನಿಜ. ಆದರೆ ಇಲ್ಲಿ ನೋಂದಣಿಯಾಗಿರುವ ಒಂದು ಕೋಟಿಗೂ ಮಿಕ್ಕ ವಾಹನಗಳಲ್ಲಿ ಸುಮಾರು ಮೂರರಲ್ಲೆರಡು ಪಾಲು ದ್ವಿಚಕ್ರ ವಾಹನಗಳೇ. ರಸ್ತೆಯ ಅಗಲವನ್ನೆಲ್ಲ ಕಾರಿಗೆ ಬಿಟ್ಟು, ಪಾದಚಾರಿ ಮಾರ್ಗವನ್ನು ಕಿರಿದಾಗಿಸಿ, ಬಸ್ಸನ್ನು ದಟ್ಟಣೆಯಲ್ಲಿ ನಿಲ್ಲಿಸಿದಾಗ ಬಹುಸಂಖ್ಯಾತರ ಹೊತ್ತು ಅಲ್ಪಸಂಖ್ಯಾತರ ಅನುಕೂಲಕ್ಕೆ ಸಂದಾಯವಾಗುತ್ತದೆ. ಟಾಮ್‌ಟಾಮ್ ಸಂಸ್ಥೆಯ 2024ರ ಸೂಚ್ಯಂಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕಾಗಿತ್ತು, ಅದೂ ವಾಹನ ಓಡಿಸುವವರಿಗೆ. ಬಸ್ಸಿಗಾಗಿ ಕಾಯುವವರ ನಿಮಿಷಗಳನ್ನು ಆ ಸೂಚ್ಯಂಕ ಎಣಿಸುವುದಿಲ್ಲ.

ಕಾರು ಕೊಂಡವರೂ ಇಲ್ಲಿ ಗೆದ್ದವರಲ್ಲ. ಬಸ್ಸು, ರೈಲು, ಕಾಲುದಾರಿಗಳು ನೆಟ್ಟಗಿದ್ದಿದ್ದರೆ ಎರಡನೆಯ ಕಾರಿನ ಕಂತು ಕಟ್ಟುವ ಅಗತ್ಯವೇ ಬೀಳದ ಕುಟುಂಬಗಳು ಎಷ್ಟೋ. ಆ ಕಂತು ಮಕ್ಕಳ ವಿದ್ಯೆಗೋ ಮನೆಯ ಸಾಲಕ್ಕೋ ಸಲ್ಲಬಹುದಿತ್ತು. ಕಾರಿಲ್ಲದ ಹುಡುಗನಿಗೆ ಹೆಣ್ಣು ಸಿಗುವುದಿಲ್ಲವೆಂಬ ಮಾತು ನಿಜವೇ ಆಗಿದ್ದರೆ, ಅದರ ಅರ್ಥ ಕಾರಿಲ್ಲದೆ ಈ ನಗರದಲ್ಲಿ ಗೌರವದಿಂದ ಸಂಸಾರ ನಡೆಸುವುದು ಕಷ್ಟವೆಂದು ಹೆಣ್ಣಿನ ಮನೆಯವರು ಭಾವಿಸಿದ್ದಾರೆ ಎಂದೇ. ಅದು ಹುಡುಗನ ಕೊರತೆಯಲ್ಲ, ನಗರದ್ದು.

ಯಾರು ಹೊಣೆ?

ಬಸ್ಸು ಒಂದು ನಿಗಮದ್ದು, ಮೆಟ್ರೋ ಇನ್ನೊಂದರದ್ದು, 2020ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ 148 ಕಿ.ಮೀ. ಉಪನಗರ ರೈಲು ಮತ್ತೊಂದರದ್ದು, ರಸ್ತೆ ಪಾಲಿಕೆಯದ್ದು, ಸಿಗ್ನಲ್ಲು ಪೊಲೀಸರದ್ದು, ತೆರಿಗೆ ಸಾರಿಗೆ ಇಲಾಖೆಯದ್ದು. ಇವೆಲ್ಲವನ್ನೂ ಒಂದೆಡೆ ಕೂರಿಸಿ ಯೋಜಿಸಲೆಂದೇ 2022ರ ಡಿಸೆಂಬರ್‌ನಲ್ಲಿ ಶಾಸನಸಭೆ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು ಅಂಗೀಕರಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದ ಮೇಲೆ ಇಂಥ ಒಂದು ಮೇಜಿನ ಅಗತ್ಯ ಇಮ್ಮಡಿಯಾಗಿದೆ. ಮೆಟ್ರೋ ದರ, ಬಸ್ ದರ, ನಿಲುಗಡೆ ದರ ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡುವ ಅಧಿಕಾರ ಆ ಪ್ರಾಧಿಕಾರಕ್ಕೆ ನಿಜವಾಗಿ ದಕ್ಕದ ಹೊರತು, ಒಂದು ಇಲಾಖೆ ಕಟ್ಟಿದ್ದನ್ನು ಇನ್ನೊಂದು ಕೆಡವುತ್ತಲೇ ಇರುತ್ತದೆ.

ಆಗಬೇಕಾದ ಕೆಲಸಗಳ ಅನುಕ್ರಮವೂ ಸ್ಪಷ್ಟವಾಗಿದೆ. ಮೊದಲು ಬಸ್ಸುಗಳ ಸಂಖ್ಯೆ ಹೆಚ್ಚಿ ಅವುಗಳಿಗೆ ಪಥ ಮರಳಬೇಕು, ನಿಲ್ದಾಣಕ್ಕೆ ನಡೆದು ಹೋಗುವ ದಾರಿ ಸರಿಯಾಗಬೇಕು. ಎರಡನೆಯದಾಗಿ ಬೀದಿ ನಿಲುಗಡೆಗೆ ಬೆಲೆ ಬರಬೇಕು, ಆ ಹಣ ಅದೇ ಬಡಾವಣೆಯ ಪಾದಚಾರಿ ಮಾರ್ಗಕ್ಕೂ ಬಸ್ಸಿಗೂ ಸಲ್ಲಬೇಕು, ಲೆಕ್ಕ ಜನರೆದುರು ಇರಬೇಕು. ಮೂರನೆಯದಾಗಿ ಕೊಳ್ಳುವಾಗಿನ ತೆರಿಗೆಯ ಒಂದಂಶವನ್ನು ಬಳಕೆಯ ಮೇಲಿನ ಶುಲ್ಕವಾಗಿ ಬದಲಿಸುವ ಯೋಚನೆ ಆರಂಭವಾಗಬೇಕು. ಇವೆಲ್ಲ ಆದ ಮೇಲೆ ದಟ್ಟಣೆ ಶುಲ್ಕದ ಮಾತೆತ್ತಿದರೆ ಸರ್ಕಾರಕ್ಕೆ ನೈತಿಕ ಬಲವಿರುತ್ತದೆ.

ಇವುಗಳಲ್ಲಿ ಯಾವುದೂ ಕುಟುಂಬದ ಕಾರನ್ನು ಕಿತ್ತುಕೊಳ್ಳುವುದಿಲ್ಲ. ಮುದಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ, ಹಬ್ಬಕ್ಕೆ ಊರಿಗೆ ಹೋಗುವ ಐವತ್ತು ಪ್ರಯಾಣಗಳು ಹಾಗೆಯೇ ಉಳಿಯುತ್ತವೆ. ಉಳಿದ ಮುನ್ನೂರು ದಿನಗಳ ಬೆಳಗಿನಲ್ಲಿ ಕೀಲಿಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿ ನಿರಾಳವಾಗಿ ಹೊರಡಲು ಸಾಧ್ಯವೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರಿಸಬೇಕಾದವರು ಕುಟುಂಬದವರಲ್ಲ, ನೀತಿ ರೂಪಿಸುವವರು.